ಹೌದಪ್ಪನ ಕುರ್ಚಿಗೆ ಬಂದ ದೆವ್ವ

ಕ್ಷೌರದಂಗಡಿಯ ಹೌದಪ್ಪನಿಗೆ ಸ್ವಂತ ಅಭಿಪ್ರಾಯ ಎಂಬ ಕಾಯಿಲೆ ಇರಲಿಲ್ಲ. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, 'ಹೌದು' ಎನ್ನುವುದು ಅವನ ಕಸುಬಿನ ಪದ್ಧತಿ. ಆ ಹೆಸರು ಅಂಟಿದ್ದೂ ಹಾಗೆಯೇ. ಅಂಥವನ ಅನ್ನಕ್ಕೆ ಕಲ್ಲು ಹಾಕಲು ಊರಿಗೊಂದು ದೆವ್ವದ ಸಿನಿಮಾ ಬಂತು.

ಅದು ಹಳೆಯ ಕಾದಂಬರಿಯೊಂದನ್ನು ಆಧರಿಸಿದ್ದು. ಹೌದಪ್ಪ ಅದನ್ನು ಓದಿರಲಿಲ್ಲ, ಇದನ್ನು ನೋಡಿರಲಿಲ್ಲ. ದೆವ್ವವೆಂದರೆ ಅವನಿಗೆ ಹಗಲಲ್ಲೂ ಬೆವರು. ಆದರೂ ಬೆಳಗಿನಿಂದ ಕಾದಂಬರಿಯವರು ಕೂತಾಗ ಕಾದಂಬರಿಯನ್ನು, ಸಿನಿಮಾದವರು ಕೂತಾಗ ಸಿನಿಮಾವನ್ನು ಧಾರಾಳವಾಗಿ ಹೊಗಳಿ ಕಳಿಸಿದ್ದ. ಪಕ್ಕದಂಗಡಿಯ ದರ್ಜಿ ಪೇಪರ್ ಓದುವ ನೆಪದಲ್ಲಿ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಹೊಲಿಯಲು ಬಟ್ಟೆ ಇರಲಿಲ್ಲ ಎಂದಲ್ಲ, ಇಲ್ಲಿ ಮಜಾ ಹೆಚ್ಚು.

ಮಧ್ಯಾಹ್ನ ಕಟ್ಟಡದ ಬಾಡಿಗೆ ಎಣಿಸಿಕೊಳ್ಳುತ್ತಿದ್ದ ನಿವೃತ್ತ ಹೆಡ್‌ಮಾಸ್ತರು ಬಂದರು. ಹೌದಪ್ಪ ಓಡಿಹೋಗಿ ಕುರ್ಚಿ ಒರೆಸಿದ. ಅಂಗಡಿಯಲ್ಲಿ ಅವನನ್ನು ಇಟ್ಟುಕೊಳ್ಳುವುದೋ ಬಿಡಿಸುವುದೋ, ಇವತ್ತು ಹೇಳುತ್ತೇನೆ ಎಂದಿದ್ದರು. ಬಿಡಿಸಿದರೆ ಹೆಂಡತಿ ಮಕ್ಕಳ ಸಮೇತ ಬೀದಿಪಾಲು. ಅವರ ಜೊತೆ ದಪ್ಪ ಮೀಸೆಯ ಗೆಳೆಯನೊಬ್ಬನಿದ್ದ. ಇಬ್ಬರೂ ಜಗಳವಾಡುತ್ತಲೇ ಬಂದು ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತರು.

"ಮುನ್ನೂರು ಪುಟ ಓದಿದ್ರೂ ದೆವ್ವ ಮುಖ ತೋರಿಸಲ್ಲ ರೀ. ಮುಚ್ಚಿದ ಬಾಗಿಲ ಹಿಂದೆ ಬರೀ ಉಸಿರಿನ ಸದ್ದು. ಭಯ ಅಂದ್ರೆ ಅದು," ಎಂದರು ಮಾಸ್ತರು.

"ಹೌದು ಸಾರ್," ಎಂದು ಹೌದಪ್ಪ ಅವರ ಕೆನ್ನೆಗೆ ಸೋಪು ಹಚ್ಚಿದ.

"ಟಿಕೆಟ್ ತಗೊಂಡವನಿಗೆ ದೆವ್ವ ಕಾಣಬೇಡ್ವಾ? ಸಿನಿಮಾದಲ್ಲಿ ಬಾಗಿಲು ತೆಗೆದ್ರೆ ಐದು ಬರ್ತವೆ. ಅದರಲ್ಲೊಂದು ಹಾಡೂ ಹಾಡುತ್ತೆ," ಎಂದ ಮೀಸೆಯವನು.

"ಹೌದಣ್ಣ," ಎಂದು ಅವನಿಗೂ ಹಚ್ಚಿದ.

ಬೆಂಚಿನ ಮೇಲಿದ್ದ ದರ್ಜಿಗೆ ಇಷ್ಟು ಸುಖ ಸಾಲಲಿಲ್ಲ. "ಬೆಳಿಗ್ಗೆ ಸಿನಿಮಾನೇ ಮೇಲು ಅಂತಿದ್ಯಲ್ಲಪ್ಪ. ಅದಕ್ಕೂ ಮುಂಚೆ ಕಾದಂಬರಿ ಅಂದಿದ್ದೆ," ಎಂದು ಪೇಪರಿನ ಹಾಳೆ ತಿರುವಿದ.

ಮೀಸೆಯವನ ಕೆನ್ನೆಗೆ ಕತ್ತಿ ಇಟ್ಟಿದ್ದ ಹೌದಪ್ಪ ಸರ್ರನೆ ದರ್ಜಿಯತ್ತ ತಿರುಗಿದ. ಗೆಳೆಯನ ಮೀಸೆಯ ಎಡಭಾಗ ಸದ್ದಿಲ್ಲದೆ ಟವೆಲ್ಲಿನ ಮೇಲೆ ಬಿತ್ತು. ಅವನು ಕನ್ನಡಿ ನೋಡಿಕೊಂಡ, ಏನೂ ಅನ್ನಲಿಲ್ಲ. ಬೈದಿದ್ದರೆ ಹೌದಪ್ಪನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಈ ವಿಷಯದಲ್ಲಿ ಕಾದಂಬರಿಯೇ ಸರಿ.

"ನುಣುಚಿಕೊಳ್ಳಬೇಡ. ಯಾವುದು ಮೇಲು, ನೆಟ್ಟಗೆ ಹೇಳು," ಎಂದರು ಮಾಸ್ತರು.

ಮೀಸೆಯಂತೂ ಹೋಯಿತು, ಅಂಗಡಿಯಾದರೂ ಉಳಿಯಲಿ ಎಂದುಕೊಂಡ ಹೌದಪ್ಪ ಜನ್ಮದಲ್ಲಿ ಮೊದಲ ಸಲ ಒಂದು ಪಕ್ಷ ಹಿಡಿದ. "ಕಾದಂಬರಿನೇ ಸಾರ್. ಆ ಸಿನಿಮಾ ಮೆಚ್ಚೋರ ತಲೇಲಿ ಏನೂ ಇರಲ್ಲ. ದಿನಾ ಎಷ್ಟು ತಲೆ ನೋಡ್ತೀನಿ, ನಂಗೆ ಗೊತ್ತಿಲ್ವಾ?"

"ಹಾಗಾದ್ರೆ ಬಾಗಿಲ ಹಿಂದೆ ಇದ್ದದ್ದು ಯಾರು?" ಎಂದು ಮಾಸ್ತರು ಪಾಠ ಒಪ್ಪಿಸಿಕೊಳ್ಳುವವರಂತೆ ಕೇಳಿದರು.

"ಮನೆಯವರೇ ಯಾರೋ ಇರ್ಬೇಕು ಸಾರ್."

ಮಾಸ್ತರ ಕಣ್ಣು ತೇವವಾಯಿತು. "ಎಷ್ಟು ಸಲ ಓದಿದ್ರೂ ನನಗಿದು ಹೊಳೆದಿರಲಿಲ್ಲ ಕಣೋ," ಎಂದು ಎದ್ದು ಹೌದಪ್ಪನ ಬೆನ್ನು ತಟ್ಟಿ ಗೆಳೆಯನತ್ತ ತಿರುಗಿದರು. "ಇಂಥ ರಸಿಕನನ್ನ ದಯವಿಟ್ಟು ಬಿಡಿಸಬೇಡಿ. ಬೆಳಿಗ್ಗೆ ಕಟ್ಟಡ ನಿಮಗೆ ಮಾರಿದಾಗಲೇ ಹೇಳಬೇಕಿತ್ತು, ಮರೆತೆ."

ಹೊಸ ಮಾಲೀಕ ಉಳಿದರ್ಧ ಮೀಸೆಯನ್ನು ಮೆಲ್ಲಗೆ ಸವರಿಕೊಂಡ.

"ಕಾದಂಬರಿ ಇನ್ನೊಂದು ಸಲ ಓದಪ್ಪ," ಎಂದ. "ನಾಳೆಯಿಂದ ನಿನಗೆ ಪುರಸೊತ್ತೋ ಪುರಸೊತ್ತು."