ಹೂಜಿಯ ಹೆಂಗಸರು ಮತ್ತು ನನ್ನ ಹೆಂಡತಿ

ಹೆಂಗಸರ ಮುಖ ನೋಡುವುದೇ ನನ್ನ ಉದ್ಯೋಗ ಎಂದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಈ ಹೆಂಗಸರು ತೀರಿಕೊಂಡು ಎರಡು ಸಾವಿರ ವರ್ಷಕ್ಕೂ ಮೇಲಾಗಿದೆ. ಸ್ವೀಡನ್ನಿನ ಮಾಲ್ಮೋ ಊರಿನ ಒಂದು ಸಂಗ್ರಹಾಲಯದಲ್ಲಿ ಹಳೆಯ ಗ್ರೀಕ್ ಹೂಜಿಗಳ ವಿವರ ಬರೆಯುವವನು ನಾನು. ಕಪ್ಪು ಮೈಯ ಮೇಲೆ ಮಣ್ಣಿನ ಕೆಂಪಿನಲ್ಲೇ ಬಿಟ್ಟ ಹೆಣ್ಣಿನ ಮುಖ. ಬಹುಪಾಲು ಗೋರಿಗಳಲ್ಲಿ ಸಿಕ್ಕಿದ್ದು. ಮೊದಲ ನೋಟಕ್ಕೆ ಎಲ್ಲರೂ ಒಂದೇ ಅಚ್ಚು. ಅದೇ ಮೂಗು, ಅದೇ ಬಿಗುಮಾನ. ನಾನು ಮಾತ್ರ ಓಲೆಯ ಆಕಾರ, ತುರುಬಿನ ಬಟ್ಟೆ, ಕೊರಳ ಮಣಿ ನೋಡಿ ಇದು ಯಾವ ಚಿತ್ರಗಾರನ ಕೈ ಎಂದು ಹೇಳಬಲ್ಲೆ. ಮನೆಯಲ್ಲೂ ಇದನ್ನೇ ಕೊರೆಯುತ್ತೇನೆ. ಹೆಂಡತಿ ಮಾಲಿನಿ, "ಸಾಕು ಕಣ್ರೀ, ಸಾರು ಆರೋಗತ್ತೆ" ಎನ್ನುತ್ತಾಳೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವಳು ದಿನಾ ಹತ್ತುವ ಬಸ್ಸು ಹಿಮಗಟ್ಟಿದ ರಸ್ತೆಯಲ್ಲಿ ಜಾರಿ ಮಗುಚಿತು. ಸುದ್ದಿ ನೋಡಿ ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪೊಲೀಸರಿಗೆ ಮಾಡಿದೆ. ಅಲ್ಲಿನ ಮಹಿಳೆ ಇಂಗ್ಲಿಷಿನಲ್ಲಿ ಮೆಲ್ಲನೆ ಹೇಳಿದಳು: "ಗುರುತು ಸಿಗದ ಇಬ್ಬರು ಮಹಿಳೆಯರಿದ್ದಾರೆ. ಒಬ್ಬರು ಆಸ್ಪತ್ರೆಯಲ್ಲಿ, ಪ್ರಜ್ಞೆ ಇಲ್ಲ. ಇನ್ನೊಬ್ಬರು ಉಳಿಯಲಿಲ್ಲ. ನಿಮ್ಮ ಪತ್ನಿ ಕಿವಿಗೆ ಏನು ಹಾಕಿದ್ದರು?"

ಓಲೆಯೋ, ಜುಮುಕಿಯೋ? ಕೋಟು ನೀಲಿಯೋ, ಕಪ್ಪೋ? ಹದಿನಾಲ್ಕು ವರ್ಷ ಎದುರಿಗೆ ಕೂತು ಉಂಡ ಮುಖ ಅದು. "ಕೂದಲು ಕಪ್ಪು" ಎಂದೆ.

"ಇಬ್ಬರದೂ ಕಪ್ಪೇ" ಎಂದಳು.

ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗುತ್ತ ಮೊಬೈಲಿನಲ್ಲಿ ಅವಳ ಫೋಟೋ ಹುಡುಕಿದೆ. ಬರೀ ಹೂಜಿಗಳು. ಕೊನೆಗೆ ಸಿಕ್ಕಿದ್ದರಲ್ಲಿ ಅವಳು ಎತ್ತರದ ಅಂದಾಜಿಗೆಂದು ಒಂದು ಹೂಜಿಯ ಪಕ್ಕ ನಿಂತಿದ್ದಳು. ಹೂಜಿ ಪೂರ್ತಿ ಬಂದಿತ್ತು, ಅವಳ ತಲೆ ಬಂದಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ನಾನು ಮಾತಾಡುವ ಮೊದಲೇ ನರ್ಸ್ ಕೇಳಿದಳು: "ಮಾಲಿನಿಯವರ ಗಂಡ ತಾನೆ? ಈಗಷ್ಟೇ ಎಚ್ಚರವಾದರು." ಪಕ್ಕದ ಬೆಂಚಿನಲ್ಲಿ ಕೂತೆ. ಅದೇ ಬೆಂಚಿನ ತುದಿಯಲ್ಲಿ ಇನ್ನೊಬ್ಬಾಕೆಯ ಗಂಡ ಕೂತಿದ್ದ. ಆತ ಹೆಂಡತಿಯ ಓಲೆ, ಉಂಗುರ, ಕೋಟಿನ ಗುಂಡಿ ಎಲ್ಲವನ್ನೂ ಸರಿಯಾಗಿ ಹೇಳಿದ್ದನಂತೆ. ಹಾಗಾಗಿ ಅವನಿಗೆ ನನಗಿಂತ ಮೊದಲೇ ಗೊತ್ತಾಗಿಹೋಗಿತ್ತು. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಒಳಗೆ ಮಾಲಿನಿಯ ಪಕ್ಕೆಲುಬಿಗೆ ಕಟ್ಟು, ಹಣೆಗೆ ಹೊಲಿಗೆ. ನಾನು ಮೊದಲು ಅವಳ ಕಿವಿ ನೋಡಿದೆ. ಬೋಳು.

"ಓಲೆ ಬಿದ್ದುಹೋಯ್ತಾ?"

"ಅಲರ್ಜಿ ಅಂತ ಓಲೆ ಬಿಟ್ಟು ಮೂರು ವರ್ಷ ಆಯ್ತು ಕಣ್ರೀ."

ಮಾತು ಬದಲಿಸಲು, ನರ್ಸಿಗೆ ನನ್ನ ಗುರುತು ಹೇಗೆ ಹತ್ತಿತು ಎಂದು ಕೇಳಿದೆ.

"ನಾನೇ ಹೇಳಿದ್ದೆ. ಎಡಗಿವಿ ಕೆಳಗೆ ಮಚ್ಚೆ, ಮೈಮೇಲೆ ಉಲ್ಟಾ ಸ್ವೆಟರ್ ಅಂತ. ಬೆಳಿಗ್ಗೆ ಹೊರಡೋವಾಗ ನಿಮ್ಗೂ ಹೇಳೋಣ ಅಂದ್ಕೊಂಡೆ. ನೀವು ಮಾತಾಡ್ತಾನೇ ಇದ್ರಿ."

ಕತ್ತಿನ ಹಿಂದೆ ಕೈಯಾಡಿಸಿದೆ. ಸ್ವೆಟರಿನ ಲೇಬಲ್ ಹೊರಗೇ ಇತ್ತು.