ಮಳೆ ಕುಡಿದ ತಗಡಿನ ಪರದೆ

ಬಕೀಟು ತುಂಬ ನೀರು ಹಿಡಿದು ನೀಲಾಂಬಿಕಾ ಟೀಚರ್ ಹಿತ್ತಲಿನ ನಡುವೆ ನಿಂತಿದ್ದರು. ಎದುರಿಗೆ ಹನ್ನೆರಡು ಅಡಿ ಉದ್ದದ ತಗಡಿನ ಪರದೆ. ಅದರ ಮೇಲೆ ಹಸಿರು ಘಟ್ಟ, ಬಿಳಿ ಜಲಪಾತ, ಎರಡು ಪುಟ್ಟ ಮೋಡ.

"ನೋಡ್ರಿ!" ಎಂದವರೇ ನೀರನ್ನು ಬೀಸಿ ಎರಚಿದರು.

ಗಂಡ ಶಿವಯೋಗಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಮೂವತ್ತು ವರ್ಷ ಹುಬ್ಬಳ್ಳಿಯಿಂದ ಘಟ್ಟ ಇಳಿಸಿ ರೈಲು ಓಡಿಸಿದವರು ಅವರು. ನಿವೃತ್ತರಾದ ಮೇಲೆ ಹಿತ್ತಲಿನಲ್ಲೇ ಅಂಗೈಯಗಲದ ಹಳಿ ಹಾಸಿ, ಸೇತುವೆ ಕಟ್ಟಿ, ಬೆಕ್ಕಿನ ಗಾತ್ರದ ಎಂಜಿನ್ ಓಡಿಸುತ್ತಿದ್ದರು. ಎಲ್ಲ ಸರಿ, ಆದರೆ ರೈಲು ಘಟ್ಟ ಹತ್ತುವಾಗ ಹಿಂದೆ ಕಾಣುತ್ತಿದ್ದುದು ಪಕ್ಕದ ಮನೆ ಕಸ್ತೂರೆವ್ವನವರ ಬಚ್ಚಲು! ಅದನ್ನು ಮರೆಮಾಡಲು, ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಬಾಬುಸಾಬರು ಈಗಾಗಲೇ ಎರಡು ಸಲ ಘಟ್ಟ ಬರೆದುಕೊಟ್ಟಿದ್ದರು. ಪ್ಲೈವುಡ್ಡಿನದು ಮಳೆಗೆ ಹಪ್ಪಳದಂತೆ ಉಬ್ಬಿತು. ತಗಡಿನದರ ಬಣ್ಣ ಬಿಸಿಲಿಗೆ ಸಿಪ್ಪೆಯಂತೆ ಸುಲಿದುಹೋಯಿತು. ಆಗ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ್ದ ಟೀಚರ್ ಅಡುಗೆಮನೆಯ ಕುಕ್ಕರ್ ಹೊತ್ತೊಯ್ದು ತಮ್ಮದೇ ಬಣ್ಣ ಕುದಿಸಿ, ಅದರಲ್ಲೇ ಬಾಬುಸಾಬರಿಂದ ಮೂರನೆಯ ಸಲ ಘಟ್ಟ ಬರೆಸಿದರು.

ಶಿವಯೋಗಪ್ಪ ಕಣ್ಣು ಬಿಟ್ಟರು. ಪರದೆ ಒಣಗಿತ್ತು. ಅದರ ಕೆಳಗಿನ ನೆಲವೂ ಒಣಗಿತ್ತು!

"ನೀರು ಎಲ್ಲಿ ಹೋತು?"

"ಬಣ್ಣ ಕುಡೀತು. ಮಳಿ, ಬಿಸಲು, ಗಾಳಿ, ಏನ್ ಬಂದ್ರೂ ಕುಡಿತೈತಿ. ತಗಡಿಗೆ ಮುಟ್ಟಾಕ ಬಿಡೂದಿಲ್ಲ."

"ಕುಡದು ಏನ್ ಮಾಡ್ತೈತಿ?"

"ಏನ್ ಮಾಡ್ತೈತಿ ಅಂದ್ರ? ಸುಮ್ನ ಇರ್ತೈತಿ!"

ಏಪ್ರಿಲ್, ಮೇ ಎರಡೂ ತಿಂಗಳು ಪರದೆ ಗಟಗಟನೆ ಬಿಸಿಲು ಕುಡಿಯಿತು. ಅದರ ಮುಂದೆ ಎಷ್ಟು ತಂಪೆಂದರೆ, ಕಸ್ತೂರೆವ್ವ ಶಾಲು ಹೊದ್ದು ಬಂದು ಅಲ್ಲೇ ಬೆಳ್ಳುಳ್ಳಿ ಸುಲಿಯತೊಡಗಿದರು. ಒಂದು ದಿನ ಪರದೆ ಬಿರುಗಾಳಿಯನ್ನು ಹೀರಿದ ರಭಸಕ್ಕೆ ತಂತಿಯ ಮೇಲಿದ್ದ ಶಿವಯೋಗಪ್ಪನವರ ಧೋತರ ಹಾರಿಹೋಗಿ ಜಲಪಾತಕ್ಕೆ ಅಂಟಿಕೊಂಡಿತು. ಎಳೆದು ಬಿಡಿಸಲು ಮೂವರು ಬೇಕಾದರು!

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಬಾಬುಸಾಬರು ಪರದೆ ನೋಡಿ ಹೌಹಾರಿದರು.

"ಅಕ್ಕಾರ, ನನ್ನ ಚಿತ್ರದಾಗ ಯಾರು ಕೈ ಆಡಿಸ್ಯಾರ? ನಾ ಬರದದ್ದು ಎರಡು ಮೋಡ. ಈಗ ಒಂಬತ್ತು ಅದಾವು! ಅವೂ ಕರ್ರಗ!"

"ಹೊಟ್ಟಿ ತುಂಬೇತಿ, ಅಷ್ಟ. ಕರಗತೈತಿ," ಎಂದರು ಟೀಚರ್.

"ಹೊಟ್ಟಿ ತುಂಬಿದ್ದು ತೇಗಿದ್ರ ಏನ್ ಗತಿ?" ಎಂದು ಶಿವಯೋಗಪ್ಪ ಕೇಳಿದರು.

"ನಿಮ್ಮ ಬಾಯಾಗ ಒಂದರ ಒಳ್ಳೇ ಮಾತು ಬರತೈತೇನ್ರೀ?"

ಭಾನುವಾರ ನಾಲ್ವರು ಹಳೆಯ ಡ್ರೈವರುಗಳು ರೈಲು ನೋಡಲು ಬಂದರು. ಇವರೆದುರು ಒಮ್ಮೆ ಘಟ್ಟ ಹತ್ತಿಸಿ ತೋರಿಸಬೇಕೆಂದು ಶಿವಯೋಗಪ್ಪ ವರ್ಷದಿಂದ ಕಾಯುತ್ತಿದ್ದರು. ಹಳೆಯ ಟೋಪಿ ಹಾಕಿಕೊಂಡು, ಸೀಟಿ ಊದಿ, ರಿಮೋಟ್ ಒತ್ತಿದರು. ಎಂಜಿನ್ ಸುರಂಗ ದಾಟಿತು, ತಿರುವಿಗೆ ಬಂತು. ಹೆಮ್ಮೆಗೆ ಅವರ ಬೆರಳು ಕೊಂಚ ಜಾಸ್ತಿಯೇ ಒತ್ತಿತೋ ಏನೋ, ಎಂಜಿನ್ ಹಳಿ ಬಿಟ್ಟು ಜಿಗಿದು ಪರದೆಗೆ ಮೂತಿ ಹೊಡೆಯಿತು. ಬಿದ್ದದ್ದು ಉಗುರಿನಷ್ಟು ಗೀರು.

ಸುಂಯ್!

ಮೊದಲು ಹೊರಬಂದದ್ದು ಮೇ ತಿಂಗಳ ಗಾಳಿ. ತಟ್ಟೆಯಲ್ಲಿದ್ದ ಮಿರ್ಚಿ ಭಜಿಗಳೆಲ್ಲ ಸಾಲಾಗಿ ಹಾರಿ ಗೋಡೆ ದಾಟಿದವು. "ಯವ್ವಾ, ಬಿಸಿ ಅದಾವು!" ಎಂದು ಕಸ್ತೂರೆವ್ವನವರ ದನಿ ಆಚೆಯಿಂದ ಕೇಳಿತು. ಆಮೇಲೆ ಬಿಸಿಲು! ಮೋಡ ಕವಿದ ಆಕಾಶದ ಕೆಳಗೆ ನಾಲ್ವರ ಬೋಳುತಲೆಗಳು ಕಾದ ಹಂಚಿನಂತಾದವು. ಅದರ ಬೆನ್ನಿಗೇ ಅಡ್ಡಡ್ಡ ಮಳೆ. ಅತಿಥಿಗಳು ಕುರ್ಚಿಗಳನ್ನು ತಲೆಯ ಮೇಲಿಟ್ಟುಕೊಂಡು ಓಡಿದರು. ಟೀಚರ್ ಉಳಿದ ಬಣ್ಣ ತಂದು ಗೀರಿಗೆ ಬಳಿದೇ ಬಳಿದರು.

"ಅಯ್ಯಯ್ಯ! ಇದು ಬಣ್ಣಾನೂ ಕುಡ್ಯಾಕ ಹತ್ತೈತ್ರೀ!"

ಶಿವಯೋಗಪ್ಪ ಮಾತ್ರ ಓಡಲಿಲ್ಲ. ಇಷ್ಟು ದಿನ ಒಣಗಿದ್ದ ಅವರ ಸೇತುವೆಯ ಕೆಳಗೆ ನೊರೆ ನೊರೆ ನೀರು ಭೋರ್ಗರೆಯುತ್ತಿತ್ತು. ಬಗ್ಗಿ ಎಂಜಿನ್ನನ್ನು ಎತ್ತಿ ಹಳಿಗೆ ಇಟ್ಟರು. ಕೆಸರು ಚಿಮ್ಮಿಸುತ್ತ, ದೀಪ ಮಿನುಗಿಸುತ್ತ ಅದು ಮಳೆಯನ್ನು ಸೀಳಿಕೊಂಡು ಹೊರಟಿತು. ಘಟ್ಟದ ಮಳೆಯಲ್ಲಿ ರೈಲು ನಡೆಸಿ ಏಳು ವರ್ಷವಾಗಿತ್ತು ಅವರಿಗೆ. ಮಗುವಿನಂತೆ ಕೇಕೆ ಹಾಕಿ ನಕ್ಕರು!

"ಒಳಗ ಬರ್ರಿ, ನೆಗಡಿ ಆಗತೈತಿ!" ಎಂದು ಟೀಚರ್ ಕೂಗಿದರು.

"ನನಗ ಇನ್ನೂ ಸಿಗ್ನಲ್ ಸಿಕ್ಕಿಲ್ಲ!"

ಗೀರು ಕೊನೆಗೂ ಮುಚ್ಚಲಿಲ್ಲ. ಊರಿಗೆಲ್ಲ ಜಡಿಮಳೆ ಇರುವಾಗ ಆ ಹಿತ್ತಲಿನಲ್ಲಿ ಮೇ ತಿಂಗಳ ಬಿಸಿಲು ಬೀಳತೊಡಗಿತು. ಕಸ್ತೂರೆವ್ವ ಆಷಾಢದಲ್ಲೇ ಸಂಡಿಗೆ ಒಣಗಿಸಿ ಓಣಿಗೆಲ್ಲ ಹಂಚಿದರು. ಊರು ಬಿಸಿಲು ಕಾಯುವಾಗ ಅಲ್ಲಿ ಮಳೆ. ಹಿತ್ತಲ ಬಾಗಿಲಿಗೆ ಕೊಡೆ, ತಂಪು ಕನ್ನಡಕ ಎರಡನ್ನೂ ತೂಗುಹಾಕಿದರು.

ಒಂದು ದಿನ ಬಾಬುಸಾಬರು ಹಿತ್ತಲಿನ ಮೊಳಕಾಲುದ್ದ ನೀರಿನಲ್ಲಿ ನಡೆದು ಬಂದು, ತಗಡನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಟೀಚರ್‌ಗೆ ತೋರಿಸಿದರು.

"ಏನರ ಅನ್ರಿ ಅಕ್ಕಾರ, ಪರದೆ ಮಾತ್ರ ಒಂದ್ ಹನಿ ನೆನದಿಲ್ಲ."