ಮೂರಕ್ಕಿಂತ ಎರಡು ದೊಡ್ಡದು

ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬಾರದು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕಷ್ಟ ಬೇರೆ. ನನಗೆ ಅರ್ಧ ಗೊತ್ತಿತ್ತು. ಏನೂ ಗೊತ್ತಿಲ್ಲದವನನ್ನು ಯಾರೂ ಕೇಳುವುದಿಲ್ಲ, ಅವನು ಸುಖವಾಗಿರುತ್ತಾನೆ. ಅರ್ಧ ಗೊತ್ತಿರುವವನನ್ನು ಕರೆದು ಕೂರಿಸಿ ಕೇಳುತ್ತಾರೆ.

ನಾನು ಉಪ್ಪಳದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ, ಮೂರು ವರ್ಷ ಕೆಂಪು ಕಲ್ಲು ಹೊತ್ತೆ, ಆಮೇಲೆ ಈ ಕುರ್ಚಿ ಸಿಕ್ಕಿತು. ಮೇಲೆ ಫ್ಯಾನ್ ತಿರುಗುವ ಕುರ್ಚಿಯನ್ನು ಬಿಡುವ ಆಸೆ ನನಗಿಲ್ಲ. ಧಣಿ ಫೆಲಿಕ್ಸಣ್ಣ ಕಂಪ್ಯೂಟರ್ ಮುಟ್ಟುವುದಿಲ್ಲ, ಅದರ ಮೇಲೆ ಅಂಟಿಸಿದ ಚೀಟಿ ಮಾತ್ರ ಓದುತ್ತಾರೆ. ಹಳೆಯದರ ಚೀಟಿಯಲ್ಲಿ ವೇಗ ಮೂರು ಗಿಗಾಹರ್ಟ್ಸ್ ಎಂದಿತ್ತು. ನನ್ನ ಮಾತು ಕೇಳಿ ಮಂಗಳೂರಿನಿಂದ ತಂದ ಹೊಸದರಲ್ಲಿ ಎರಡು ಎಂದಿತ್ತು.

"ಎಂತ ಮಾರಾಯ, ಇದ್ದದ್ದು ಮೂರು. ತಂದದ್ದು ಎರಡಾ?"

"ಇದಕ್ಕೆ ಒಳಗೆ ಎರಡು ತಲೆ ಉಂಟು ಅಣ್ಣ. ಡ್ಯುಯಲ್ ಕೋರ್."

"ಹಾಗಾದ್ರೆ ನಾಲ್ಕು ಅಂತ ಹೇಳು."

ನಾಲ್ಕಲ್ಲ ಎಂದು ಗೊತ್ತಿತ್ತು. ಎಷ್ಟು ಎಂದು ಗೊತ್ತಿರಲಿಲ್ಲ. ನಾಲ್ಕು ಎಂದುಬಿಟ್ಟೆ.

"ಸರಿ, ಓಡಿಸಿ ನೋಡುವ. ನಾಲ್ಕು ಮೂರಕ್ಕೆ ಸೋತ್ರೆ ಇನ್ನು ಎಡಿಟಿಂಗ್ ಎಲ್ಲ ಮಂಗಳೂರಿಗೆ ಕೊಡುದು. ನೀನು ಮದುವೆಯಲ್ಲಿ ಲೈಟ್ ಹಿಡಿ."

ಆಟಿ ತಿಂಗಳು, ಮದುವೆಗಳಿಲ್ಲ, ಎಲ್ಲರಿಗೂ ಬಿಡುವು. ಎರಡು ಕಂಪ್ಯೂಟರನ್ನೂ ಒಂದೇ ಮೇಜಿನ ಮೇಲೆ ಇಟ್ಟೆವು. ಎರಡಕ್ಕೂ ಒಂದೇ ಮದುವೆಯ ವಿಡಿಯೋ ತಯಾರಿಸಲು ಕೊಟ್ಟೆವು, ಅದೇ ಉದುರುವ ಗುಲಾಬಿ, ಅದೇ ಹೃದಯದ ಆಕಾರದೊಳಗೆ ನಗುವ ಮದುಮಗಳು. ಎದುರಂಗಡಿಯ ಟೈಲರ್ ಜಯಂತಣ್ಣ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಬಂದು, ವಾಚು ಬಿಚ್ಚಿ ಕೈಯಲ್ಲಿ ಹಿಡಿದು ಕೂತರು. ಹಳೆಯದು ಹನ್ನೊಂದು ನಿಮಿಷ ಮೊದಲು ಮುಗಿಸಿತು.

ಕುಂಬಳೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹನೀಫನಿಗೆ ಫೋನ್ ಮಾಡಿದೆ. "ನಿನ್ನ ಸಾಫ್ಟ್‌ವೇರ್ ಹಳೇದು ಮಾರಾಯ. ಒಂದು ತಲೆಗೆ ಮಾತ್ರ ಕೆಲಸ ಹೇಳ್ತದೆ, ಇನ್ನೊಂದು ಸುಮ್ನೆ ಕೂತಿರ್ತದೆ. ಅಳೀಲಿಕ್ಕೆ ಬೇರೆ ಸಾಫ್ಟ್‌ವೇರ್ ಉಂಟು, ಮಾರ್ಕ್ ಕೊಡ್ತದೆ" ಎಂದ. ಅದನ್ನೂ ಹಾಕಿಸಿದೆ. ಹೊಸದಕ್ಕೆ ಹಳೆಯದರ ದುಪ್ಪಟ್ಟು ಮಾರ್ಕು. ನಾನು ಕೂತ ಯಾವ ಪರೀಕ್ಷೆಯಲ್ಲೂ ಅಷ್ಟು ಮಾರ್ಕು ಬಂದದ್ದಿಲ್ಲ. ಓಡಿ ಹೋಗಿ ತೋರಿಸಿದೆ.

"ಈ ಮಾರ್ಕನ್ನು ಮದುಮಗಳ ಅಪ್ಪನಿಗೆ ಡಿವಿಡಿಯಲ್ಲಿ ಹಾಕಿ ಕೊಡುದಾ?" ಎಂದರು ಫೆಲಿಕ್ಸಣ್ಣ.

ಜಯಂತಣ್ಣನಿಗೆ ನನ್ನ ಮೇಲೆ ಕರುಣೆ ಬಂತು. "ಹಾಗಲ್ಲ ಫೆಲಿಕ್ಸಣ್ಣ. ಕಂಬಳದಲ್ಲಿ ಹಗ್ಗದ ಕೋಣವನ್ನು ಹಲಗೆಯ ಕೋಣದೊಟ್ಟಿಗೆ ಬಿಡ್ತಾರಾ? ಒಂದೊಂದಕ್ಕೆ ಒಂದೊಂದು ವಿಭಾಗ."

"ಹಾಗಾದ್ರೆ ಇದು ಯಾವ ವಿಭಾಗದ ಕೋಣ?" ಎಂದು ಫೆಲಿಕ್ಸಣ್ಣ ನನ್ನನ್ನು ಕೇಳಿದರು. ಅದನ್ನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಕೊನೆಗೆ ಹನೀಫನೇ ದಾರಿ ಹೇಳಿದ. ಎರಡು ಮದುವೆಯನ್ನು ಒಟ್ಟಿಗೆ ಕೊಡು, ಆಗ ಎರಡು ತಲೆಗೂ ಕೆಲಸ ಇರುತ್ತದೆ ಎಂದು. ಕೊಟ್ಟೆ. ಹಳೆಯದು ಏದುಸಿರು ಬಿಟ್ಟು ಅರ್ಧದಲ್ಲೇ ನಿಂತಿತು. ಹೊಸದು ಎರಡನ್ನೂ ಮುಗಿಸಿತು. ನನ್ನ ಕುರ್ಚಿ ಉಳಿಯಿತು. ಫೆಲಿಕ್ಸಣ್ಣ ಬೆನ್ನು ತಟ್ಟಿ, "ಒಳ್ಳೇ ಮೆಷಿನು. ಇನ್ನು ನೀನು ಎರಡೆರಡು ಮದುವೆ ಒಟ್ಟಿಗೇ ಮಾಡು" ಎಂದರು.

ಕಂಪ್ಯೂಟರಿಗೆ ಎರಡು ತಲೆ, ನನಗೆ ಇರುವುದು ಒಂದು. ಸೀಸನ್ ಶುರುವಾಗಿ ಎರಡನೇ ವಾರಕ್ಕೇ ಬೆಳ್ಳೂರಿನ ಮದುವೆಯೊಂದರ ವಿಡಿಯೋದಲ್ಲಿ ಹುಡುಗ ತಾಳಿ ಕಟ್ಟಿ ತಲೆಯೆತ್ತುವಾಗ, ಎದುರಲ್ಲಿ ಬೇರೆ ಹುಡುಗಿ. ಯಾರದೋ ಕ್ರಿಶ್ಚಿಯನ್ ಮನೆಯಲ್ಲಿ, ಮದುವೆಯ ಮುಂಚಿನ ರೋಸ್ ಶಾಸ್ತ್ರದಲ್ಲಿ, ಅವಳ ಅತ್ತೆಯಂದಿರು ಸಾಲಾಗಿ ನಿಂತು ಅವಳ ತಲೆಗೆ ತೆಂಗಿನಹಾಲು ಸುರಿಯುತ್ತಿದ್ದರು. ಡಿವಿಡಿ ಎರಡೂ ಮನೆಗಳಿಗೆ ತಲುಪಿ ಆಗಿತ್ತು.

ಎರಡು ಕಂಪ್ಯೂಟರನ್ನು ಅಳೆಯಲು ನಮಗೆ ಮೂರು ದಿನ ಬೇಕಾಯಿತು, ಆದರೂ ನಾಲ್ಕು ಜನರಿಗೆ ನಾಲ್ಕು ಉತ್ತರ. ನನ್ನನ್ನು ಅಳೆಯಲು ಒಂದು ಡಿವಿಡಿ ಸಾಕಾಯಿತು. ಉಪ್ಪಳದಿಂದ ಬೆಳ್ಳೂರಿನವರೆಗೆ ಎಲ್ಲರದ್ದೂ ಒಂದೇ ಉತ್ತರ.